ಚಿಪ್ಪಣ್ಣನ ಪುಕ್ಕಟೆ ಸಸಿಗಳು

ಕೊಳೆತ ಟೊಮೇಟೊ ಹಿಂಡಿ, ಬೀಜ ಮತ್ತು ಲೋಳೆಯನ್ನು ಗಾಜಿನ ಸೀಸೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಬೆಚ್ಚನೆಯ ಜಾಗದಲ್ಲಿಟ್ಟರೆ ಕೆಲವು ದಿನಗಳಲ್ಲಿ ಅದರ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ಲೋಳೆ ಬಿಟ್ಟುಕೊಂಡು ಬೀಜ ತಳಕ್ಕೆ ಇಳಿಯುತ್ತದೆ. ತೊಳೆದು ಒಣಗಿಸಿದರೆ ಬಿತ್ತುವುದಕ್ಕೆ ಸಿದ್ಧ. ಇದು ಸರಿಯಾದ ವಿಧಾನವೇ, ತೋಟಗಾರಿಕೆಯ ಪುಸ್ತಕಗಳಲ್ಲೂ ಇದೆ. ಆದರೆ ಪುಸ್ತಕಕ್ಕೆ ವಾಸನೆ ಇರುವುದಿಲ್ಲ. ಆ ಸೀಸೆಯನ್ನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇಡಬೇಕೆಂದು ಯಾವ ಪುಸ್ತಕವೂ ಹೇಳಿಲ್ಲ. ಅದು ನನ್ನ ಭಾವನ ಸ್ವಂತ ಸಂಶೋಧನೆ.

“ಅಲ್ಲೇ ಬೆಚ್ಚಗಿರೋದು” ಎನ್ನುತ್ತಾರೆ. “ಊಟದ ಬಿಸಿ ಪಾತ್ರೆ ಪಕ್ಕದಲ್ಲೇ ಇರುತ್ತಲ್ಲ. ಬೇರೆ ಶಾಖ ಯಾಕೆ ದಂಡ?”

ಭಾವ ಎಂದರೆ ನನ್ನ ಅಕ್ಕನ ಗಂಡ. ದೊಡ್ಡಾಸ್ಪತ್ರೆಯೊಂದರ ರಕ್ತ ಮೂತ್ರ ಪರೀಕ್ಷೆಯ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಅವರು ವಾಸವಾಗಿರುವ ಕಟ್ಟಡದಲ್ಲಿ ಎಲ್ಲರೂ ಅವರನ್ನು ಕರೆಯುವುದು ಚಿಪ್ಪಣ್ಣ ಎಂದು. ಬೆಳಗ್ಗೆ ಎದ್ದವರೇ ಬೇಕರಿಯ ಹಿಂಬಾಗಿಲಿಗೆ ಹೋಗಿ ಒಡೆದ ಮೊಟ್ಟೆಯ ಚಿಪ್ಪುಗಳನ್ನು ಚೀಲ ತುಂಬಿಸಿಕೊಂಡು ಬರುವುದನ್ನು ನೋಡಿ ಮಕ್ಕಳು ಇಟ್ಟ ಹೆಸರು ಅದು. ಈ ಮನುಷ್ಯ ಜೀವಮಾನದಲ್ಲಿ ಯಾರಿಗೂ ಚಿಪ್ಪಿನ ಹೊರತು ಬೇರೇನೂ ಕೊಟ್ಟವರಲ್ಲ ಎಂದು ದೊಡ್ಡವರು ಆ ಹೆಸರನ್ನೇ ಉಳಿಸಿಕೊಂಡರು.

ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂದು ನಾವು ಜಿಪುಣರನ್ನು ಕುರಿತು ಹೇಳುತ್ತೇವೆ. ಭಾವ ಆ ಜಾತಿಯವರಲ್ಲ. ಅವರು ಕಾಗೆಯನ್ನು ಹತ್ತಿರ ಕರೆದು, ಅದರ ಬಾಯಲ್ಲಿ ಏನಾದರೂ ಇದೆಯೇ ಎಂದು ನೋಡುವವರು. ನೌಕರಿಯ ಉದ್ದಕ್ಕೂ ಆಸ್ಪತ್ರೆಯಲ್ಲಿ ಬಿಸಾಡುವ ವಸ್ತು ಯಾವುದಿದ್ದರೂ ಮನೆಗೆ ತಂದರು. ಹತ್ತಿಯ ಉರುಳೆ ಬಂತು, ಗಾಜಿನ ತಟ್ಟೆ ಬಂತು, ರಬ್ಬರ್ ನಳಿಗೆ ಬಂತು. ಅಕ್ಕನ ಅಡುಗೆಮನೆಯಲ್ಲಿ ಜೀರಿಗೆ, ಮೆಣಸು, ಸಕ್ಕರೆ ಎಲ್ಲವೂ ಅಗಲ ಬಾಯಿಯ ಕಂದು ಸೀಸೆಗಳಲ್ಲಿವೆ; ಒಂದೊಂದರ ಮೇಲೂ ಯಾವುದೋ ಆಮ್ಲದ ಹೆಸರು ಅರ್ಧ ಕೆರೆದಂತೆ ಉಳಿದಿದೆ. ನಾನು ಆ ಮನೆಯಲ್ಲಿ ಸಕ್ಕರೆ ಹಾಕದ ಟೀ ಕುಡಿಯುತ್ತೇನೆ. ಆರೋಗ್ಯಕ್ಕಾಗಿ ಎಂದು ಭಾವ ತಿಳಿದುಕೊಂಡಿದ್ದಾರೆ.

ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅಕ್ಕ ಎಂದೋ ಬಿಟ್ಟು ಬರುತ್ತಿದ್ದಳು. ಕೈ ಎತ್ತಿದವರಲ್ಲ, ಕುಡಿದವರಲ್ಲ, ಕೂಗಾಡಿದವರೂ ಅಲ್ಲ. ಲ್ಯಾಬಿನಲ್ಲಿ ಒಂದು ದಿನವೂ ಒಬ್ಬ ರೋಗಿಯ ಸೀಸೆಯನ್ನು ಇನ್ನೊಬ್ಬನದರ ಜೊತೆ ಅದಲುಬದಲು ಮಾಡಿದವರಲ್ಲ. ಇಂಥವರ ಜೊತೆ ಬಾಳುವುದು ಕೆಟ್ಟವರ ಜೊತೆ ಬಾಳುವುದಕ್ಕಿಂತ ಕಷ್ಟ. ದೂರು ಹೇಳಲು ಹೋದರೆ ಕೇಳುವವರು ನಗುತ್ತಾರೆ. “ಅಯ್ಯೋ, ಬರೀ ಗಿಡದ ಹುಚ್ಚಲ್ವಾ? ಇನ್ಯಾವ ಹುಚ್ಚೂ ಇಲ್ವಲ್ಲ, ಪುಣ್ಯ ಮಾಡಿದೀರಿ” ಎನ್ನುತ್ತಾರೆ.

ಗಿಡದ ಹುಚ್ಚು ಹಿಡಿದದ್ದು ನಿವೃತ್ತಿಯ ಮೇಲೆ. ನಿಜ ಹೇಳಬೇಕೆಂದರೆ ಅದು ಗಿಡದ ಹುಚ್ಚೂ ಅಲ್ಲ. ಗಿಡ ಬೆಳೆದು ದೊಡ್ಡದಾದರೆ ಅವರಿಗೆ ಅದರ ಮೇಲೆ ಆಸಕ್ತಿ ಇರುವುದಿಲ್ಲ; ದೊಡ್ಡ ಗಿಡಕ್ಕೆ ದೊಡ್ಡ ಕುಂಡ ಬೇಕು, ಕುಂಡ ಕೊಳ್ಳಬೇಕು. ಅವರಿಗೆ ಬೇಕಾದದ್ದು ಮೊಳಕೆ. ಏನೂ ಖರ್ಚಿಲ್ಲದೆ, ಬಿಸಾಡಿದ ಬೀಜ ಬಿಸಾಡಿದ ಮಣ್ಣಿನಲ್ಲಿ ತಲೆ ಎತ್ತಿದರೆ ಅವರ ಮುಖದಲ್ಲಿ ಒಂದು ಕಳೆ ಬರುತ್ತದೆ. ಸೃಷ್ಟಿಕರ್ತನಿಗೆ ಟೋಪಿ ಹಾಕಿ ಬಂದವನ ಕಳೆ.

ವಿಧಾನ ಹೀಗೆ. ಕಟ್ಟಡದ ಹಿಂದೆ, ಕಸದ ತೊಟ್ಟಿಯ ಪಕ್ಕದ ಮಣ್ಣನ್ನು ಕೆರೆದು ತರುತ್ತಾರೆ. ಆ ಮಣ್ಣಿನಲ್ಲಿ ರೋಗಾಣು, ಹುಳದ ಮೊಟ್ಟೆ ಎಲ್ಲ ಇರುತ್ತವೆ ಎಂದು ಲ್ಯಾಬಿನಲ್ಲಿ ದುಡಿದವರಿಗೆ ಚೆನ್ನಾಗಿಯೇ ಗೊತ್ತು. ಆದ್ದರಿಂದ ಅದನ್ನು ಬೇಯಿಸುತ್ತಾರೆ. ಯಾವುದರಲ್ಲಿ ಎಂದರೆ, ಅಕ್ಕ ಅನ್ನ ಮಾಡುವ ಕುಕ್ಕರಿನಲ್ಲಿ. ಕಸದ ಮಣ್ಣು ಆವಿಯಲ್ಲಿ ಬೆಂದಾಗ ಬರುವ ವಾಸನೆಯನ್ನು ನಾನು ವಿವರಿಸುವುದಿಲ್ಲ. ಕುಕ್ಕರ್ ಕೂಗಿದಾಗ ಎದುರು ಮನೆಯಾಕೆ ಬಾಗಿಲು ತೆರೆದು, “ಏನಕ್ಕಾ ಇವತ್ತು ವಿಶೇಷ?” ಎಂದು ಕೇಳಿ ಮೂಗು ಮುಚ್ಚಿಕೊಂಡು ಒಳಗೆ ಹೋದಳು ಎಂದಷ್ಟೇ ಹೇಳಿದರೆ ಸಾಕು.

ಆ ಮಣ್ಣಿಗೆ ಹಿಂಡಿದ ಟೀ ಪುಡಿ ಬೆರೆಸುತ್ತಾರೆ. ಚಿಪ್ಪುಗಳಿಗೆ ತುಂಬುತ್ತಾರೆ. ಚಿಪ್ಪು ಸಾಲದಾದಾಗ ಲ್ಯಾಬಿನ ಡಬ್ಬಿ. ಮುಚ್ಚಳವಿರುವ, ಪಕ್ಕದಲ್ಲಿ ಅಳತೆಯ ಗೆರೆಗಳಿರುವ, ರೋಗಿಯ ಹೆಸರು ವಯಸ್ಸು ಬರೆಯಲು ಬಿಳಿ ಪಟ್ಟಿ ಅಂಟಿಸಿರುವ ಆ ಪ್ಲಾಸ್ಟಿಕ್ ಡಬ್ಬಿಯನ್ನು ಗುರುತಿಸದವರು ಯಾರಿದ್ದಾರೆ? ನಾವೆಲ್ಲ ಒಂದಲ್ಲ ಒಂದು ದಿನ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಲೆ ತಗ್ಗಿಸಿ ಆಸ್ಪತ್ರೆಯ ಕಿಟಕಿಗೆ ಕೊಟ್ಟು ಬಂದವರೇ.

“ಉಪಯೋಗಿಸಿದ್ದಲ್ಲ ಪ್ರೊಫೆಸರಮ್ಮ, ಹೊಸಾದು” ಎಂದರು, ನಾನು ಕೇಳಿದಾಗ. ಕಾಲೇಜಿನಲ್ಲಿ ಪಾಠ ಮಾಡಿದವಳೆಂದು ನನ್ನನ್ನು ಹಾಗೆ ಕರೆಯುತ್ತಾರೆ. “ಎಕ್ಸ್‌ಪೈರಿ ಆಗಿತ್ತು, ಸ್ಟೋರಿನವರು ಎಸೀತಿದ್ರು.”

“ಖಾಲಿ ಡಬ್ಬಿಗೆ ಎಂಥ ಎಕ್ಸ್‌ಪೈರಿ ಭಾವ?”

“ಅದು ಅವರ ಕಾನೂನು. ನಮಗ್ಯಾಕೆ?”

ಹೊಸದೆಂದೇ ಇಟ್ಟುಕೊಳ್ಳೋಣ. ಆದರೂ ಅದರಲ್ಲಿ ಕೊತ್ತಂಬರಿ ಬೆಳೆದು ಅದನ್ನು ಊಟಕ್ಕೆ ಉದುರಿಸಿದರೆ ಕೈ ತಟ್ಟೆಯಿಂದ ತಾನಾಗಿ ಹಿಂದೆ ಸರಿಯುತ್ತದೆ.

ಡಬ್ಬಿಯ ತಳಕ್ಕೆ ತೂತು ಬೇಕು, ಇಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ತೂತಿಗೆ ಅಕ್ಕನ ಸೂಜಿ. ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ಚುಚ್ಚಿದರೆ ಪ್ಲಾಸ್ಟಿಕ್ ಚುರ್ ಎಂದು ಕರಗುತ್ತದೆ. ಒಮ್ಮೆ ಕೆಂಪಗೆ ಕಾದ ಸೂಜಿ ಮತ್ತೆ ಸೂಜಿಯಾಗಿ ಉಳಿಯುವುದಿಲ್ಲ. ಗಡಸು ಹೋಗಿ ಮೆತ್ತಗಾಗುತ್ತದೆ, ದಪ್ಪ ಬಟ್ಟೆಗೆ ಚುಚ್ಚಿದರೆ ಬಾಗುತ್ತದೆ. ಭಾವ ಅದನ್ನು ಒರೆಸಿ ಅಕ್ಕನ ಸೂಜಿದಿಂಬಿಗೇ ವಾಪಸು ಚುಚ್ಚಿಡುತ್ತಿದ್ದರು. ತೆಗೆದುಕೊಂಡದ್ದನ್ನು ಹಿಂದಿರುಗಿಸಿದ್ದೇನೆ ಎಂಬ ಸಮಾಧಾನ ಅವರಿಗೆ.

ಸೂಜಿ ಅಕ್ಕನ ಜೀವ. ಅವಳು ಕೋಟುಗಳಿಗೆ ಕೈಯಿಂದ ಕಾಜಾ ಹಾಕುವವಳು. ಗುಂಡಿ ತೂರುವ ಕಂಡಿಯ ಅಂಚಿಗೆ, ದಾರಕ್ಕೆ ದಾರ ತಾಗುವಂತೆ, ಒಂದು ಗಂಟೂ ಮೇಲೆ ಕಾಣದಂತೆ ಸುತ್ತಿ ಸುತ್ತಿ ಹೊಲಿಯುವ ಕೆಲಸ. ಈಗ ಮೆಷಿನ್ ಇದೆ. ಆದರೂ ಒಳ್ಳೆಯ ಕೋಟು ಹೊಲಿಸುವವರು ಕೈ ಕಾಜಾವನ್ನೇ ಕೇಳುತ್ತಾರೆ, ಪೇಟೆಯ ದರ್ಜಿಯೊಬ್ಬನ ಅಂಗಡಿಯಿಂದ ಕೋಟುಗಳು ಅವಳ ಮನೆಗೆ ಬರುತ್ತವೆ. ಮದುವೆಗೆ ಮುಂಚೆ ಕಲಿತ ವಿದ್ಯೆ. ಆ ಮನೆಯಲ್ಲಿ ಪುಕ್ಕಟೆ ಸಿಗದೆ, ಯಾರೋ ಬಿಸಾಡದೆ, ಕಲಿತು ಗಳಿಸಿದ್ದು ಎಂದರೆ ಅದೊಂದೇ.

ಈ ಕೆಲಸಕ್ಕೆ ಬೆಳಕು ಬೇಕು. ಆ ಮನೆಗೆ ಬೆಳಕು ಬರುವುದು ಒಂದೇ ಕಿಟಕಿಯಿಂದ. ಅಡುಗೆಮನೆಯ ಕಿಂಡಿ ಎದುರು ಕಟ್ಟಡದ ಗೋಡೆಗೆ ಮುಖ ಮಾಡಿದೆ. ಮಲಗುವ ಕೋಣೆಯದು ಪೈಪುಗಳು ಇಳಿಯುವ ಸಂದಿಗೆ ತೆರೆಯುತ್ತದೆ. ಮುಂದಿನ ಕೋಣೆಯ ಕಿಟಕಿ ಮಾತ್ರ ಬೀದಿಯ ಕಡೆಗಿದ್ದು, ಬೆಳಗಿನಿಂದ ಮಧ್ಯಾಹ್ನ ಇಳಿಯುವವರೆಗೆ ಅಲ್ಲಿ ಬಿಸಿಲು. ಅಕ್ಕನ ಬೆತ್ತದ ಕುರ್ಚಿ ಆ ಮನೆಗೆ ಬಂದ ದಿನದಿಂದ ಅಲ್ಲೇ ಇತ್ತು. ನೆಲದ ಹಾಸುಗಲ್ಲಿನಲ್ಲಿ ಅದರ ನಾಲ್ಕು ಕಾಲಿನ ಗುರುತು ಬಿದ್ದಿದೆ.

ಮೊಳಕೆಗೂ ಅದೇ ಕಿಟಕಿ ಬೇಕಾಯಿತು. ಬೆಳಕು ಸಾಲದಿದ್ದರೆ ಸಸಿ ಕಾಂಡ ಉದ್ದಕ್ಕೆ ಎಳೆದುಕೊಂಡು ಬಿಳಚಿ ಬಿದ್ದುಹೋಗುತ್ತದೆ.

“ಸ್ವಲ್ಪ ದಿನದ ಮಟ್ಟಿಗೆ” ಎಂದರು ಭಾವ. “ಎರಡೆಲೆ ಬಂದ್ಮೇಲೆ ತೆಗೆದುಬಿಡ್ತೀನಿ.”

ಅಕ್ಕ ಕುರ್ಚಿ ಸರಿಸಿದಳು. ಎರಡೆಲೆ ಬಂತು. ನಾಲ್ಕೆಲೆ ಬರಲಿ ಎಂದರು. ನಾಲ್ಕೆಲೆ ಬರುವ ಹೊತ್ತಿಗೆ ಕಿಟಕಿಯ ಕಟ್ಟೆ ಸಾಲದೆ ಮುಂದೊಂದು ಹಲಗೆ ಬಂತು, ಹಲಗೆಯ ಮೇಲೆ ಇನ್ನೊಂದು ಹಲಗೆ. ಬೆಳಕು ಪೋಲಾಗಬಾರದೆಂದು ಚಿಪ್ಸ್ ಪ್ಯಾಕೆಟ್ಟುಗಳನ್ನು ಕತ್ತರಿಸಿ, ಒಳಗಿನ ಬೆಳ್ಳಿ ಬಣ್ಣದ ಮೈ ಗಿಡಗಳ ಕಡೆ ತಿರುಗುವಂತೆ ಪರದೆ ಕಟ್ಟಿದರು. ಆ ಪರದೆಯ ಬೆನ್ನು ಕೋಣೆಯ ಕಡೆಗೆ. ಹಾಗೆ ಕೋಣೆ ಪೂರ್ತಿ ಕತ್ತಲಾಯಿತು. ಎಣ್ಣೆ ಮೆತ್ತಿದ ಆ ಪ್ಯಾಕೆಟ್ಟುಗಳನ್ನು ಎಲ್ಲಿಂದ ಆರಿಸಿ ತಂದರೆಂದು ನಾನು ಕೇಳಲಿಲ್ಲ. ಮೇಲೆ ಇರುವೆ ಹರಿಯುತ್ತಿತ್ತು. ತೇವದ ಮಣ್ಣಿಂದ ಎದ್ದ ಸಣ್ಣ ಕಪ್ಪು ನೊಣಗಳು ಹಾಲಿನಲ್ಲಿ, ಟೀಯಲ್ಲಿ, ಮಾತಾಡಲು ಬಾಯಿ ತೆರೆದರೆ ಬಾಯಲ್ಲಿ.

ಅಕ್ಕ ಗೋಡೆಯ ಮಗ್ಗುಲಲ್ಲಿ ಕುಳಿತು ಹೊಲಿಯತೊಡಗಿದಳು. ದೀಪ ಹಾಕಿದರೆ ಭಾವ ಆರಿಸುವರು. “ಹಗಲಲ್ಲಿ ದೀಪ ಉರಿಸೋ ಮನೆ ಉದ್ಧಾರ ಆಗಲ್ಲ.”

ನಾನೊಂದು ಮೇಜಿನ ದೀಪ ಕೊಂಡು ಹೋಗಿ ಕೊಟ್ಟೆ. ಅದರ ಕತ್ತು ಬಗ್ಗಿಸಿದರೆ ನೇರ ಹೊಲಿಗೆಯ ಮೇಲೆ ಬೆಳಕು ಬೀಳುವಂಥದ್ದು. ಮತ್ತೆ ಹೋದಾಗ ಅದು ಟೊಮೇಟೊ ಸಸಿಗಳ ನೆತ್ತಿಯ ಮೇಲೆ ಬಗ್ಗಿ ನಿಂತಿತ್ತು. ಹಗಲು, ಸ್ವಿಚ್ಚು ಹಾಕಿಯೇ ಇತ್ತು.

“ಇದು ಅಕ್ಕನಿಗೆ ತಂದದ್ದು” ಎಂದೆ.

“ಗೊತ್ತು, ಗೊತ್ತು. ಅವಳು ಅಡುಗೆ ಮಾಡೋ ಹೊತ್ತಲ್ಲಿ ಇಲ್ಲಿ ಇಡ್ತೀನಿ ಅಷ್ಟೆ. ಮೊಳಕೆಗೆ ಹಗಲು ಉದ್ದ ಬೇಕು.”

“ಹಗಲಲ್ಲಿ ದೀಪ ಉರಿಸಿದರೆ ಮನೆ ಉದ್ಧಾರ ಆಗಲ್ಲ ಅಂತಿದ್ದಿರಿ.”

“ಇದು ಉರಿಸೋದಲ್ಲ ಪ್ರೊಫೆಸರಮ್ಮ, ಇದು ಬೆಳೆಸೋದು!” ಎಂದು ನಕ್ಕರು. ತಮ್ಮ ಹಾಸ್ಯಕ್ಕೆ ತಾವೇ ಮೊದಲು ನಗುವ ಅಭ್ಯಾಸ ಅವರಿಗೆ. ಖರ್ಚಿಲ್ಲದ ಚಪ್ಪಾಳೆ.

ಅಕ್ಕ ಅಡುಗೆಮನೆಯಲ್ಲಿರಲಿಲ್ಲ. ಗೋಡೆಯ ಮಗ್ಗುಲಲ್ಲಿ, ಕಣ್ಣಿಗೆ ಹತ್ತಿರ ಹಿಡಿದು ಕಾಜಾ ಹಾಕುತ್ತಿದ್ದಳು.

ಅದರ ಫಲ ಬೇಗನೆ ಬಂತು. ನಾನು ಅಲ್ಲಿದ್ದಾಗಲೇ ಒಂದು ಮಧ್ಯಾಹ್ನ ದರ್ಜಿ ಬಂದ. ತೋಳಿನ ಮೇಲೆ ಒಂದು ರಾಶಿ ಕರಿ ಕೋಟು. ಯಾವುದೋ ಹೋಟೆಲಿನ ಬಾಗಿಲಲ್ಲಿ ನಿಲ್ಲುವವರಿಗೆ ಹೊಲಿದದ್ದು. ಚಪ್ಪಲಿ ಬಿಡಲಿಲ್ಲ, ಒಳಗೂ ಬರಲಿಲ್ಲ.

“ಅಕ್ಕಾ, ತಪ್ಪು ತಿಳ್ಕೋಬೇಡಿ. ಒಂದ್ನಿಮಿಷ ಹೊರಗಡೆ ಬನ್ನಿ.”

ಮೆಟ್ಟಿಲ ತಿರುವಿನಲ್ಲಿ ಬೆಳಕಿತ್ತು. ಅವನು ಕೋಟಿನ ಎದೆ ಬಿಡಿಸಿ ಹಿಡಿದ. ಕೋಟು ಕಪ್ಪು. ಕಾಜಾ ಕಡು ನೀಲಿ. ಹೊಲಿಗೆ ಎಂದಿನಂತೆ ಅಚ್ಚುಕಟ್ಟು. ಆ ಅಚ್ಚುಕಟ್ಟಿನಿಂದಲೇ ನೀಲಿ ಇನ್ನಷ್ಟು ಎದ್ದು ಕಾಣುತ್ತಿತ್ತು.

“ಗಿರಾಕಿ ನಕ್ಕುಬಿಟ್ಟ. ಕೋಟಿಗೆಲ್ಲ ನೀಲಿ ಕಣ್ಣು ಬಂದಿದೆಯಲ್ಲಯ್ಯಾ ಅಂದ.”

ಅಕ್ಕ ಒಂದೊಂದೇ ಕೋಟನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲದರಲ್ಲೂ ಅದೇ. ಕತ್ತಲ ಕೋಣೆಯಲ್ಲಿ ಎರಡು ದಾರದುಂಡೆಗಳಲ್ಲಿ ಯಾವುದು ಕಪ್ಪು ಯಾವುದು ನೀಲಿ ಎಂದು ತಿಳಿದಿಲ್ಲ. ಹೊಲಿಗೆ ಕಲಿಯುವ ಹುಡುಗಿ ಮೊದಲ ದಿನ ಮಾಡುವ ತಪ್ಪು. ಅದನ್ನು ಕಲಿಸಬಲ್ಲವಳು ಮಾಡಿದ್ದಳು.

“ಭಾನುವಾರ ಬೆಳಗ್ಗೆಗೆ ಬಿಚ್ಚಿ ಹೊಸದಾಗಿ ಹಾಕ್ಕೊಟ್ರೆ ಉಳ್ಕೋತೀನಿ” ಎಂದ ದರ್ಜಿ. “ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ. ಕಾಜಾ ಮೆಷಿನ್ನಿನವನು ಅಂಗಡಿ ಬಾಗಿಲಲ್ಲೇ ಕಾಯ್ತಿದಾನೆ. ಆ ಅಮ್ಮನ ಕಣ್ಣಿಗೆ ವಯಸ್ಸಾಯ್ತು, ಇನ್ನು ಬಿಡಿ ಅಂತ ನಮ್ಮವರೂ ಅಂತಿದಾರೆ. ನಾನೇ ಒಪ್ಪಿಲ್ಲ. ಆದರೆ ಇದೂ ಹೀಗೇ ಆದರೆ...”

“ಕಣ್ಣಿಗೆ ಏನೂ ಆಗಿಲ್ಲ” ಎಂದಳು ಅಕ್ಕ. “ಕೊಟ್ಟು ಹೋಗಿ.”

ಭಾನುವಾರಕ್ಕೆ ಹೆಚ್ಚು ದಿನ ಇರಲಿಲ್ಲ. ಹಾಕಿದ ಕಾಜಾ ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ದಾರ ಕತ್ತರಿಸುವಾಗ ಬಟ್ಟೆಯ ಒಂದು ಎಳೆ ಕಿತ್ತರೆ ಕೋಟೇ ಕೆಟ್ಟಿತು. ಅಕ್ಕ ಕೋಟುಗಳನ್ನು ಕುರ್ಚಿಯ ಮೇಲಿಟ್ಟು, ಕೊಳೆತ ಟೊಮೇಟೊ ಸೀಸೆ ಅಲ್ಲಾಡಿಸುತ್ತಿದ್ದ ಭಾವನ ಎದುರು ಹೋಗಿ ನಿಂತಳು.

“ರೀ, ನನಗೆ ಕಿಟಕಿ ಬೇಕು.”

“ಭಾನುವಾರ ಆಗಲಿ.”

“ಭಾನುವಾರ ಬೆಳಗ್ಗೆಗೇ ಕೋಟು ಕೊಡಬೇಕು.”

“ಭಾನುವಾರ ಬೆಳಗ್ಗೆಗೇ ನಮ್ಮ ಬಳಗದವರು ಬರೋದು!”

ಬಳಗವೆಂದರೆ ಸುತ್ತಲ ಬೀದಿಗಳಲ್ಲಿ ಕುಂಡಗಳಲ್ಲಿ ತರಕಾರಿ ಬೆಳೆಯುವವರ ಗುಂಪು. ಖರ್ಚಿಲ್ಲದೆ ಸಸಿ ಎಬ್ಬಿಸುವುದು ಹೇಗೆಂದು ಭಾವ ಅವರಿಗೆ ತೋರಿಸಿಕೊಡುವುದಾಗಿ ಒಪ್ಪಿದ್ದರು. ಬಂದವರಿಗೆ ಒಂದೊಂದು ಸಸಿ ಉಡುಗೊರೆ ಎಂದೂ ಸಾರಿದ್ದರು. ಭಾವ ಉಡುಗೊರೆ ಕೊಡುವುದು ನನ್ನ ತಿಳುವಳಿಕೆಯಲ್ಲಿ ಅದೇ ಮೊದಲು.

“ಈಗ ಬೆಳಕಿಂದ ತೆಗೆದರೆ ಎಲ್ಲ ಬಿಳಚಿಕೊಳ್ಳುತ್ತೆ. ನೀನು ಮಹಡಿ ಮೇಲೆ ಹೋಗಿ ಕೂತ್ಕೋ. ಬೇಕಾದಷ್ಟು ಬೆಳಕು. ಮೆಟ್ಟಿಲು ಹತ್ತೋದು ಮಂಡಿಗೆ ಒಳ್ಳೇದು.”

ಆ ಕಟ್ಟಡದಲ್ಲಿ ಲಿಫ್ಟ್ ಇಲ್ಲ. ಅಕ್ಕನ ಮಂಡಿಗಳು ನೆಲಮಹಡಿಯಿಂದ ಮನೆಗೆ ಹತ್ತುವುದರಲ್ಲೇ ಸದ್ದು ಮಾಡುತ್ತವೆ.

ನಾನು ಸುಮ್ಮನಿರಲಾರದೆ ಹೇಳಿದೆ: “ಮಹಡಿಯ ಮೇಲೆ ಅಷ್ಟು ಬೆಳಕಿದ್ದರೆ ಸಸಿಗಳನ್ನೇ ಅಲ್ಲಿಡಿ.”

ಭಾವ ನನ್ನನ್ನು ಕರುಣೆಯಿಂದ ನೋಡಿದರು. “ಅಯ್ಯೋ ಪ್ರೊಫೆಸರಮ್ಮ! ಮನೆಯೊಳಗೆ ಹುಟ್ಟಿದ ಸಸಿ, ಒಂದೇ ಸಲ ಬಿಸಿಲಿಗಿಟ್ರೆ ಬೆಂದುಹೋಗುತ್ತೆ. ಮೊದಲನೇ ದಿನ ಒಂದು ಟೀ ಕುಡಿಯೋಷ್ಟು ಹೊತ್ತು. ಮಾರನೇ ದಿನ ಊಟ ಮುಗಿಸೋಷ್ಟು ಹೊತ್ತು. ಹೀಗೆ ಅಭ್ಯಾಸ ಮಾಡಿಸ್ಬೇಕು. ದಿನಾ ಹೊತ್ತು ಹತ್ತಿಸಿ, ಹೊತ್ತು ಇಳಿಸಬೇಕು.”

“ಹತ್ತಿಸಿ, ಇಳಿಸಿ” ಎಂದೆ.

“ನನ್ನ ಮಂಡಿ?” ಎಂದರು ಭಾವ.

ತಮಾಷೆಗೆ ಹೇಳಿದ್ದಲ್ಲ. ಈಗ ತಾನೇ ಹೆಂಡತಿಯ ಮಂಡಿಗೆ ಮೆಟ್ಟಿಲು ಒಳ್ಳೆಯದೆಂದ ಬಾಯಿ ಅದೇ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ನನಗೆ ಆ ಸೀಸೆಯ ವಾಸನೆಗಿಂತ ಹೆಚ್ಚು ವಾಕರಿಕೆ ಬಂದದ್ದು ಆಗ. ಭಾವ ಅಕ್ಕನ ಬೆನ್ನು ತಟ್ಟುವ ಧ್ವನಿಯಲ್ಲಿ, “ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಗೊತ್ತಲ್ಲ” ಎಂದರು.

“ಕೆಸರು ನಮ್ಮನೇಲಿದೆ. ಮೊಸರು ಯಾರ ಬಾಯಲ್ಲಿದೆ ನೋಡಬೇಕು” ಎಂದು ಅಕ್ಕ ಒಳಗೆ ಹೋದಳು.

ಮರುದಿನ ಉರಿ ಬಿಸಿಲು. ಅವಳಿಗೆ ಬಿಚ್ಚುವ ಕೆಲಸಕ್ಕೆ ನೆರವಾಗೋಣವೆಂದು ನಾನು ಹೊರಟೆ. ಮೆಟ್ಟಿಲ ಮೇಲೆ ಮೊದಲು ಕಂಡದ್ದು ನೀರಿನ ಹನಿ, ಆಮೇಲೆ ಒಡೆದ ಚಿಪ್ಪಿನ ಚೂರು, ಆಮೇಲೆ ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಸಿಗಳ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು, ಗೋಡೆಗೆ ಭುಜ ಆನಿಸಿ ಹತ್ತುತ್ತಿದ್ದಳು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ನಿಲ್ಲುತ್ತಿದ್ದಳು.

“ಭಾವ ಎಲ್ಲಿ?”

“ಡಬ್ಬಿ ತರೋಕೆ ಆಸ್ಪತ್ರೆಗೆ. ಅಲ್ಲಿಂದ ಮಾರ್ಕೆಟ್ಟಿಗೆ. ಕೊಳೆತ ಕುಂಬಳಕಾಯಿ ಬಂದಿದೆಯಂತೆ.”

ನಾನು ತಟ್ಟೆಗೆ ಕೈ ಹಾಕಿದೆ. ಅವಳು ಕೊಡಲಿಲ್ಲ. “ಕೆಳಗಡೆ ಇನ್ನೂ ಇದೆ, ಅದನ್ನ ತಾ.”

ತಂದೆ. ನೊಣ ಮುಖಕ್ಕೆ ಹಾರಿತು, ಟೀ ಪುಡಿಯ ಹುಳಿ ನೀರು ತೋಳಿನ ಮೇಲೆ ಹರಿಯಿತು. ಮಹಡಿಯ ನೆಲ ಕಾದು ಕಾವಲಿಯಾಗಿತ್ತು. ನೀರಿನ ತೊಟ್ಟಿಯ ಮಗ್ಗುಲಲ್ಲಿ ಒಂದಿಷ್ಟು ನೆರಳಿತ್ತು. ನಾನು ಅತ್ತ ನಡೆದೆ.

“ಅಲ್ಲಲ್ಲ, ಮಧ್ಯದಲ್ಲಿ” ಎಂದಳು ಅಕ್ಕ.

“ಬೆಂದುಹೋಗುತ್ತಂತೆ, ಭಾವ ಹೇಳಿದ್ದು ಕೇಳಿಸಲಿಲ್ಲವೇ?”

“ದಿನಾ ಕೇಳಿಸುತ್ತೆ. ಬೆಳಕು ಬೇಕು, ಬೆಳಕು ಬೇಕು ಅಂತಾನೂ ದಿನಾ ಕೇಳಿಸುತ್ತೆ.”

ಅವಳು ತಟ್ಟೆಗಳನ್ನು ಸಾಲಾಗಿ ಜೋಡಿಸಿದಳು, ಒಂದರ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ. ನಾವು ಕೆಳಗಿಳಿದು ಬಂದೆವು. ಪರದೆ ಕಿತ್ತೆವು. ಕಿಟಕಿಯ ಕಟ್ಟೆಯನ್ನು ಸೋಪು ಹಾಕಿ ಉಜ್ಜಿದಾಗ ಇಳಿದ ನೀರು ಚರಂಡಿಯ ಬಣ್ಣದ್ದು. ಮೂಲೆಯಲ್ಲಿ ಹುಳಗಳೂ ಇದ್ದವು. ಒರೆಸಿದ ಮೇಲೆ ಅಕ್ಕ ಕುರ್ಚಿಯನ್ನು ಎಳೆದು ತಂದು, ಹಾಸುಗಲ್ಲಿನ ನಾಲ್ಕು ಗುರುತುಗಳಲ್ಲಿ ಅದರ ನಾಲ್ಕು ಕಾಲು ಕೂಡಿಸಿದಳು. ಎರಡು ದಾರದುಂಡೆ ತೆಗೆದು ಬೆಳಕಿಗೆ ಹಿಡಿದಳು. ನೀಲಿಯನ್ನು ಡಬ್ಬದೊಳಗೆ ಹಾಕಿ ಮುಚ್ಚಿದಳು. ಒಂದು ಕೋಟಿನ ನೀಲಿ ಕಾಜಾ ಬಿಚ್ಚಿ, ಅದರ ದಪ್ಪ ಬಟ್ಟೆಗೆ ಮೊದಲ ಹೊಲಿಗೆ ಚುಚ್ಚಿದಳು. ಸೂಜಿ ಬಾಗಿತು. ಇನ್ನೊಂದು ತೆಗೆದಳು, ಅದೂ ಬಾಗಿತು. ದಿಂಬಿನಲ್ಲಿದ್ದ ಸೂಜಿಗಳನ್ನೆಲ್ಲ ಉಗುರಿಂದ ಬಗ್ಗಿಸಿ ನೋಡಿ, ಬಾಗಿದವನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದಳು. ಒಳ್ಳೆಯದು ಉಳಿದದ್ದು ಬಹಳ ಕಡಿಮೆ.

ಭಾವ ಬಂದದ್ದು ಮಧ್ಯಾಹ್ನ ಇಳಿದ ಮೇಲೆ. ಕಂಕುಳಲ್ಲಿ ಡಬ್ಬಿಗಳ ಚೀಲ, ಕೈಯಲ್ಲಿ ಸೋರುವ ಕುಂಬಳಕಾಯಿ. ಖಾಲಿ ಕಿಟಕಿ ನೋಡಿ ಕುಂಬಳಕಾಯಿಯನ್ನು ನನ್ನ ಪಕ್ಕದ ಕುರ್ಚಿಯ ಮೇಲೇ ಇಟ್ಟರು.

“ಎಲ್ಲೇ?”

“ಮಹಡಿ ಮೇಲೆ. ಬೇಕಾದಷ್ಟು ಬೆಳಕಿದೆ ಅಂದ್ರಲ್ಲ.”

ಭಾವ ಮೆಟ್ಟಿಲು ಹತ್ತಿದ ವೇಗ ನೋಡಿದರೆ ಅವರ ಮಂಡಿಗೆ ಯಾವ ರೋಗವೂ ಇಲ್ಲವೆಂದು ಯಾವ ಲ್ಯಾಬಿನವರಾದರೂ ಬರೆದುಕೊಡಬಹುದಿತ್ತು. ಇಳಿದು ಬಂದಾಗ ಕೈಯಲ್ಲಿ ಒಂದು ಡಬ್ಬಿ. ಎಲೆಗಳು ಬೆಳ್ಳಗೆ ಕಾಗದದಂತೆ ಒಣಗಿ, ಕಾಂಡ ಡಬ್ಬಿಯ ಅಂಚಿನ ಮೇಲೆ ಜೋತು ಬಿದ್ದಿತ್ತು.

“ಸ್ವಲ್ಪ ಸ್ವಲ್ಪ ಹೊತ್ತು ಅಂತ ಬಡ್ಕೊಂಡಿದ್ನಲ್ಲೇ! ದಿನಾ ಹತ್ತಿಸಿ ಇಳಿಸಬೇಕು ಅಂತ!”

“ದಿನಾ ಹತ್ತಿ ಇಳಿಯೋಕೆ ನನ್ನ ಮಂಡಿ ಬಿಡಲ್ಲ” ಎಂದಳು ಅಕ್ಕ, ಹೊಲಿಗೆಯಿಂದ ಕಣ್ಣೆತ್ತದೆ. “ಒಂದೇ ಸಲ ಹತ್ತಿದೆ.”

ಭಾವ ನನ್ನ ಕಡೆ ತಿರುಗಿದರು. “ನೀವಾದರೂ ಹೇಳಬಾರದಿತ್ತಾ? ಓದಿದವರು!”

“ನಾನೂ ಎರಡು ತಟ್ಟೆ ಹೊತ್ತೆ” ಎಂದೆ.

ಅವರ ಕಣ್ಣಲ್ಲಿ ನೀರು ಬಂದಿತ್ತು. ಇದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ, ಆದ್ದರಿಂದ ಬರೆದಿದ್ದೇನೆ. ಕತ್ತಲಲ್ಲಿ ಕುಳಿತ ಹೆಂಡತಿಗೆ ಬರದ ನೀರು ಒಣಗಿದ ಟೊಮೇಟೊಗೆ ಬಂತು.

ಸಸಿ ಸತ್ತರೂ ಭಾನುವಾರ ಬರುವುದು ನಿಲ್ಲಲಿಲ್ಲ, ಬಳಗದವರೂ ನಿಲ್ಲಲಿಲ್ಲ. ದೊಡ್ಡ ಟೋಪಿ ಹಾಕಿದ ಅಧ್ಯಕ್ಷೆ ಮುಂದೆ, ಚೀಲ ಹಿಡಿದ ಇತರರು ಹಿಂದೆ. ಭಾವ ಮೊದಲು ಪೆಚ್ಚಾಗಿದ್ದವರು ಜನ ಸೇರುತ್ತಿದ್ದಂತೆ ಚೇತರಿಸಿಕೊಂಡರು. ಬೂಷ್ಟು ಕಟ್ಟಿದ ಸೀಸೆಯನ್ನು ಮೂಗಿನಿಂದ ಮೂಗಿಗೆ ದಾಟಿಸಿದರು. ಕುಕ್ಕರ್ ತಂದು ತೋರಿಸಿದರು. ಜನ ತಲೆದೂಗಿದರು.

“ನೋಡಿ, ಪ್ರಕೃತಿಯಲ್ಲಿ ಕಸ ಅನ್ನೋದೇ ಇಲ್ಲ!” ಎಂದರು ಅಧ್ಯಕ್ಷೆ.

“ಮನೆಯವರ ಸಹಕಾರ ಇದ್ದರೆ ಮಾತ್ರ ಇದೆಲ್ಲ ಸಾಧ್ಯ” ಎಂದರು ಇನ್ನೊಬ್ಬರು, ಕಿಟಕಿಯ ಬಳಿ ಕುಳಿತಿದ್ದ ಅಕ್ಕನ ಕಡೆ ನೋಡಿ. ಅಕ್ಕ ಕೊನೆಯ ಕೋಟಿನ ಕೊನೆಯ ಕಾಜಾದಲ್ಲಿದ್ದಳು.

ಆಮೇಲೆ ಉಡುಗೊರೆ. ಭಾವ ಮಹಡಿಯಿಂದ ತಂದಿದ್ದ ಒಣ ಸಸಿಗಳನ್ನೇ ಮುಂದಿಟ್ಟರು. “ಸ್ವಲ್ಪ ಬಿಸಿಲು ಹೊಡೆದಿದೆ ಅಷ್ಟೆ. ನೀರು ಹಾಕಿ, ಬುಡದಿಂದ ಚಿಗುರುತ್ತೆ” ಎಂದರು. ಚಿಗುರುವುದಿಲ್ಲ. ಅವರಿಗೂ ಗೊತ್ತು. ಅಲ್ಲಿದ್ದ ಅರ್ಧ ಜನಕ್ಕೂ ಗೊತ್ತಿರಬೇಕು.

ಒಬ್ಬಾಕೆ ಡಬ್ಬಿ ಎತ್ತಿ, ಅಳತೆಯ ಗೆರೆ ನೋಡಿ, ಬಿಳಿ ಪಟ್ಟಿ ನೋಡಿ, ದೂರ ಹಿಡಿದಳು. “ಇದು... ಟೆಸ್ಟಿಗೆ ಕೊಡೋ ಡಬ್ಬಿ ಅಲ್ವಾ?”

“ಹೊಸಾದಮ್ಮ, ಎಕ್ಸ್‌ಪೈರಿ ಅಷ್ಟೆ.”

ಆಕೆಯ ಮುಖದಲ್ಲಿ ಅಸಹ್ಯ ಕಂಡಿತು. ಈ ಮನೆಯಲ್ಲಿ ಕೊನೆಗೂ ಒಬ್ಬರಿಗೆ ಅಸಹ್ಯವಾಯಿತಲ್ಲ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಆಕೆ ಕೇಳಿದಳು: “ಹಾಗಾದ್ರೆ ನಮ್ಮ ತಂಗಿಗೂ ಒಂದು ತಗೊಳ್ಳಲಾ?”

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುತ್ತಾರೆ. ಸತ್ತ ಸಸಿಗೂ ಅದು ಅನ್ವಯಿಸುತ್ತದೆಂದು ಆ ದಿನ ನೋಡಿದೆ. ತಟ್ಟೆಯಲ್ಲಿ ಒಂದೂ ಉಳಿಯಲಿಲ್ಲ. ಟೋಪಿಯ ಅಧ್ಯಕ್ಷೆ ಚೀಲದಲ್ಲಿ ಮೂರು ಹಾಕಿಕೊಂಡರು. ಭಾವ ಒಬ್ಬರೇ ಅಲ್ಲ ಎಂಬುದು ಗೊತ್ತಾಗಿ ನನಗೆ ಸಮಾಧಾನವೇನೂ ಆಗಲಿಲ್ಲ.

ಆ ಗದ್ದಲದಲ್ಲಿ ಜನ ಕಿಟಕಿಯ ಕಡೆ ಒತ್ತರಿಸಿ ಬಂದು ನಿಂತಿದ್ದರು. ಕೋಟಿನ ಮೇಲೆ ಅವರ ನೆರಳು ಬಿತ್ತು.

“ಸ್ವಲ್ಪ ಪಕ್ಕಕ್ಕೆ ಸರೀರಿ” ಎಂದಳು ಅಕ್ಕ. ಧ್ವನಿ ಏರಿಸಲಿಲ್ಲ. ಜನ ಸರಿದರು. ಭಾವ ಅಲ್ಲೇ ನಿಂತಿದ್ದರು. “ನೀವೂ” ಎಂದಳು. ಭಾವ ಸರಿದರು.

ದರ್ಜಿ ಬಂದಾಗ ಅರ್ಧ ಜನ ಇನ್ನೂ ಟೀ ಕುಡಿಯುತ್ತಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಬಂದು, ಒಂದೊಂದು ಕೋಟನ್ನೂ ಕಿಟಕಿಗೆ ಹಿಡಿದು, ಕಾಜಾದಲ್ಲಿ ಬೆರಳ ತುದಿ ತೂರಿಸಿ, ತಿರುಗಿಸಿ ನೋಡಿದ. ಹೊಗಳಲಿಲ್ಲ. ಹೊಗಳುವುದು ಅವನ ಅಭ್ಯಾಸವಲ್ಲ. ಕೋಟುಗಳನ್ನು ತೋಳಿಗೆ ಹಾಕಿಕೊಂಡು, “ಬುಧವಾರ ಕಂದು ಬಣ್ಣದ್ದು ಕಳಿಸ್ತೀನಿ ಅಕ್ಕಾ, ಕಂದು ದಾರ ನಾನೇ ಕಳಿಸ್ಲಾ?” ಎಂದ.

“ಬೇಡ. ಇಲ್ಲಿ ಬಣ್ಣ ಕಾಣುತ್ತೆ” ಎಂದಳು.

ಎಲ್ಲರೂ ಹೋದ ಮೇಲೆ ಭಾವ ಹೊಸ ಡಬ್ಬಿಗಳ ಚೀಲವನ್ನು ಮೇಜಿನ ಮೇಲೆ ಸುರಿದರು. ಇನ್ನು ಮೇಲೆ ಮೆಟ್ಟಿಲ ತಿರುವಿನಲ್ಲಿ ಇಡುತ್ತಾರಂತೆ, ಅಲ್ಲೂ ಬೆಳಕಿದೆ, ಕಟ್ಟಡದವರು ಏನೂ ಅನ್ನುವುದಿಲ್ಲ ಎಂದು ನನಗೆ ಹೇಳಿದರು. ಎದುರು ಮನೆಯಾಕೆ ಅನ್ನುತ್ತಾಳೆ, ಅನ್ನಲಿ. ಒಲೆ ಹಚ್ಚಿ, ಅಭ್ಯಾಸ ಬಲದಿಂದ ಹಿಂದಕ್ಕೆ ಕೈ ಚಾಚಿದರು.

“ಸೂಜಿ ಕೊಡೇ.”

ಅಕ್ಕ ಸೂಜಿದಿಂಬನ್ನು ಮಡಿಲಿಗೆ ಎಳೆದುಕೊಂಡಳು. “ಅಂಗಡೀಲಿ ಸಿಗುತ್ತೆ.”

ಭಾವ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಕಡೆಗೂ ದುಡ್ಡು ಬಿಚ್ಚುತ್ತಾರೆಂದು ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಅವರು ಅಂಗಡಿಯ ಬಾಗಿಲಿನ ಮುಂದೆಯೇ ಹಾದು ಹೋದರು. ಬೀದಿಯ ಕೊನೆಯಲ್ಲಿ ಯಾರೋ ಒಡೆದ ಪೆಟ್ಟಿಗೆಗಳನ್ನು ರಾಶಿ ಹಾಕಿದ್ದರು. ಭಾವ ಅದರ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಹಲಗೆಯಿಂದ ಒಂದು ತುಕ್ಕು ಹಿಡಿದ ಮೊಳೆಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಕೀಳುತ್ತಿದ್ದರು.